ಹೊಸಿಲು ಹೊತ್ತ ಮನೆಗಾಡಿ

ಕೇಳ್ರಪ್ಪೋ ಕೇಳ್ರಿ! ನಿದ್ದೆ ಬಂದೋರು ಈಗ್ಲೇ ಎದ್ದು ಹೋಗ್ರಿ. ನಡುವೆ ಆಕಳಿಸಿದ್ರೆ ನಾನು ಸುಮ್ನಿರೋನಲ್ಲ.

ಹರಪನಹಳ್ಳಿ ಹತ್ರ ಒಂದೂರು. ಆ ಊರಲ್ಲಿ ಹಾಲವ್ವ ಅಂತ ಒಬ್ಳು. ಆಕೆಗೆ ಒಬ್ನೇ ಮಗ, ಕೊಟ್ರ. ಆಳು ಬಾಗಿಲ ತುಂಬ ಇದ್ದಾನೆ. ಕೈಗೆ ಸುತ್ತಿಗೆ ಕೊಟ್ರೆ ಏನು ಬೇಕಾದ್ರೂ ಮಾಡ್ತಾನೆ. ಬುದ್ಧಿ ಮಾತ್ರ ಕೇಳಬೇಡಿ. ಹೇಳಿದ್ದನ್ನ ಹೇಳಿದಂಗೇ ಮಾಡೋನು!

"ದೇವ್ರು ಇವನ ಕೈಗೇ ಎಲ್ಲಾ ಸುರಿದುಬಿಟ್ಟ, ತಲೆ ಹತ್ರ ಬರೋ ಹೊತ್ತಿಗೆ ಖಾಲಿ!" ಅಂತ ಹಾಲವ್ವ ಹಣೆ ಹಣೆ ಬಡ್ಕೊಳ್ಳೋಳು. ಆದ್ರೆ ಬೇರೆ ಯಾರಾದ್ರೂ ಅವನನ್ನ ಪೆದ್ದ ಅಂದ್ರೋ, ಸೆರಗು ಸಿಗಿಸ್ಕೊಂಡು ಜಗಳಕ್ಕೆ ನಿಲ್ಲೋಳು.

ಹಂಗೆ ಅಂದೋಳು ಒಬ್ಳಿದ್ಲು. ನೀಲವ್ವ. ಹಾಲವ್ವನ ಜೀವದ ಗೆಳತಿ, ಒಂದೇ ತಟ್ಟೇಲಿ ಉಂಡೋಳು, ಮದುವೆಯಾಗಿ ವಿಜಾಪುರಕ್ಕೆ ಹೋದೋಳು. ಅಲ್ಲಿ ಹೊಸ ಮನೆ ಕಟ್ಟಿ ಒಕ್ಕಲು ಮಾಡಿದ ದಿನ ಒಲೆ ಮೇಲೆ ಹಾಲಿಟ್ಟಿದ್ರು. ಅವತ್ತು ಹಾಲು ಉಕ್ಕಬೇಕು, ಉಕ್ಕಿದ್ರೇ ಶುಭ. ನಮ್ಮ ಕೊಟ್ರ ಆಗ ಚಿಕ್ಕೋನು. "ಹಾಲು ಉಕ್ಕೋಕೆ ಬಿಡಬೇಡ" ಅಂತ ಅವ್ವ ಮನೇಲಿ ಕಲಿಸಿದ್ಳಲ್ಲ! ಇನ್ನೇನು ಉಕ್ಕಬೇಕು, ಒಂದು ಚೊಂಬು ತಣ್ಣೀರು ಸುರಿದೇಬಿಟ್ಟ.

"ಈ ಪೆದ್ದನ್ನ ಯಾಕೆ ಕರ್ಕೊಂಡು ಬಂದ್ಯೇ?" ಅಂದ್ಲು ನೀಲವ್ವ, ಬಂದ ಬೀಗರ ಮುಂದೆ.

"ಪೆದ್ದ ಅಂದ್ಯಾ? ಉಚ್ಚಂಗೆವ್ವನಾಣೆ, ನಿನ್ನ ಹೊಸಿಲು ತುಳಿಯಲ್ಲ!" ಅಂದ್ಲು ಹಾಲವ್ವ.

"ನಿನ್ನ ಹೊಸಿಲು ನಾನೂ ತುಳಿಯಲ್ಲ, ಹೋಗೇ!"

ಅವತ್ತಿಂದ ಮಾತಿಲ್ಲ ಕತೆಯಿಲ್ಲ. ಕೂದಲು ಬೆಳ್ಳಗಾದ್ವು. ಹಾಲವ್ವನಿಗೆ ಒಂದೇ ಹಂಬಲ. ಕಣ್ಣು ಮುಚ್ಚೋದ್ರೊಳಗೆ ನೀಲವ್ವನ ಮುಖ ನೋಡಬೇಕು. ನನ್ನ ಮಗ ಎಂಥೋನು ಅಂತ ಅವಳಿಗೆ ತೋರಿಸಲೂಬೇಕು. ಆಣೆ ಮಾತ್ರ ಮುರೀಬಾರ್ದು!

ಅಷ್ಟರಲ್ಲಿ ಕೊಟ್ರ ಒಂದು ಹಳೇ ಟೆಂಪೋ ತಂದು, ಬಡಿದು ಬಡಿದು, ಮಂಚ ಕೂರಿಸಿ, ಒಲೆ ಕೂರಿಸಿ, ನೀರಿನ ಡ್ರಮ್ಮು ಕೂರಿಸಿ, ಅವ್ವನ ಹಳೇ ಸೀರೇಲಿ ಪರದೆ ಕಟ್ಟಿದ. ಗಾಲಿ ಮೇಲೆ ಮನೆ! ಹಾಲವ್ವನ ಎದೆ ಉಬ್ಬಿಹೋಯ್ತು.

"ಯಾರ ಮನೇಲೂ ಇಳಿಯೋ ಗರಜಿಲ್ಲ ಇನ್ನ! ಹಂಪೆ ನೋಡೋಣ, ಬಾದಾಮಿ ನೋಡೋಣ, ಹಂಗೇ ವಿಜಾಪುರ. ಲೇ ಕೊಟ್ರಾ, ಇದನ್ನ ಗಾಡಿ ಅನ್ಬೇಡ. ಇದು ಮನೆ. ಮನೇಲಿ ಹೆಂಗಿರ್ತೀಯೋ ಹಂಗೇ ಇರು!"

"ಹೂಂ ಯವ್ವ!"

ಹೊರಟ್ರು. ಹೊಸಪೇಟೆ ದಾರೀಲಿ, ಟೋಲ್ ಗೇಟಿನ ಬಾಯಲ್ಲಿ ಬೆಳಕು ಹರೀತು. ಕೊಟ್ರ ಗಾಡಿ ನಿಲ್ಲಿಸಿದ. ಕೆಳಗಿಳಿದ. ಗಾಡಿ ಬಾಗಿಲ ಮುಂದೆ ನೀರು ಚೆಲ್ಲಿ, ಬಗ್ಗಿ, ರಂಗೋಲಿ ಬಿಡ್ತಾ ಕೂತ! ಹಿಂದೆ ಲಾರಿಗಳು ಪೋಂ ಪೋಂ! ಬಸ್ಸುಗಳು ಪೀಂ ಪೀಂ!

"ಏನೋ ಇದು ನಿನ್ನ ಅವತಾರ?"

"ಬೆಳಗಾಯ್ತಲ್ಲ ಯವ್ವ! ನಿನಗೆ ಮಂಡಿನೋವು ಅಂತ ದಿನಾ ನಾನೇ ಹಾಕ್ತೀನಲ್ಲ. ಮನೆ ಮುಂದೆ ರಂಗೋಲಿ ಇಲ್ದಿದ್ರೆ ಹೆಂಗೆ?"

"ಅಯ್ಯೋ ನನ್ನ ಕರ್ಮವೇ! ಮಂದಿ ಕಂಡಲ್ಲಿ ನಿಲ್ಲಬಾರ್ದು ಕಣೋ! ಮಂದಿ ಕಂಡ್ರೆ ಸೀದಾ ಮುಂದಕ್ಕೆ ಹೊಡೀಬೇಕು!"

"ಹೂಂ ಯವ್ವ!"

ಹಂಪೆ ಹತ್ರ ಇನ್ನೊಬ್ಬ ಗೆಳತಿ ದುರುಗವ್ವನ ಊರು. ದುರುಗವ್ವ ಓಣಿ ತುದೀಲೇ ಕಾಯ್ತಿದ್ಲು, ಕೈಯಲ್ಲಿ ಆರತಿ ತಟ್ಟೆ, ಪಕ್ಕದಲ್ಲಿ ಸೊಸೆಯರು, ಮೊಮ್ಮಕ್ಕಳು. ಕೊಟ್ರ ನೋಡಿದ. ಮಂದಿ! ಸೀದಾ ಮುಂದಕ್ಕೆ ಹೊಡೆದ!

"ಲೇ ನಿಲ್ಸೋ, ಅವಳೇ ಕಣೋ ದುರುಗಿ!"

"ಮಂದಿ ಅದಾರೆ ಯವ್ವ!"

ಊರು ಸುತ್ತಿ ಮತ್ತೆ ಅಲ್ಲಿಗೇ ಬಂತು ಗಾಡಿ. ಮತ್ತೆ ಮಂದಿ! ಮತ್ತೆ ಹೊಡೆದ! ದುರುಗವ್ವ ಆರತಿ ಹಿಡ್ಕೊಂಡೇ ಹಿಂದೆ ಓಡಿದ್ಲು, ಸೊಸೆಯರು ಓಡಿದ್ರು, ಊರ ನಾಯಿಗಳೂ ಓಡಿದ್ವು. ಕೊನೆಗೆ ಒಂದು ಎಮ್ಮೆ ಅಡ್ಡ ನಿಂತು ಗಾಡಿ ನಿಲ್ಲಿಸ್ತು. ದುರುಗವ್ವ ಏದುಸಿರು ಬಿಡ್ತಾ ಎಮ್ಮೆಗೂ ಗಾಡಿಗೂ ಸೇರಿಸಿ ಆರತಿ ಎತ್ತಿದ್ಲು. ಒಳಗೆ ಮಂಚ ಒಲೆ ನೋಡಿ, "ಎಂಥ ಮನೆ ಮಾಡ್ಯಾನೆ ನಿನ್ನ ಮಗ!" ಅಂತ ಬಾಯಿ ಬಿಟ್ಳು. ಹಾಲವ್ವನಿಗೆ ಹಿಗ್ಗೋ ಹಿಗ್ಗು. ಹೊರಡೋವಾಗ ದುರುಗವ್ವ ನೀಲವ್ವನಿಗೆ ಫೋನು ಹಚ್ಚಿದ್ಲು. ಅವಳ ಮನೆ ಬೇಡ, ಇವಳ ಮನೆ ಬೇಡ, ಗೋಳಗುಮ್ಮಟದಲ್ಲಿ ಸೇರ್ರಿ ಅಂತ ಇಬ್ಬರನ್ನೂ ಒಪ್ಪಿಸಿದ್ಲು.

ದಾರೀಲಿ ಹಾಲವ್ವ ಶುರು ಮಾಡಿದ್ಲು. "ಕೈ ಮಾಡಿ ಕರೆಯೋರನ್ನ ಬಿಟ್ಟು ಹೋಗ್ತಾರೇನೋ? ಕೈ ಮಾಡಿದೋರನ್ನ ಹತ್ತಿಸ್ಕೋ! ಕಾಲಿಗೆ ನೀರು ಕೊಡು! ತಿನ್ನೋಕೆ ಇಡು!"

"ಹೂಂ ಯವ್ವ!"

ಬಾದಾಮಿ ಗುಹೆ ನೋಡಿ, ಮೆಟ್ಟಿಲು ಹತ್ತಿಳಿದು ದಣಿದು, ಹಾಲವ್ವ ಮಂಚದ ಮೇಲೆ ಒರಗಿದ್ಲು. ನಿದ್ದೆ ಹತ್ತಿತು. ಎಚ್ಚರಾದಾಗ ನೋಡ್ತಾಳೆ, ಗಾಡಿ ತುಂಬ ಜನ! ಬಸ್ಸಿಗೆ ಕೈ ಮಾಡಿದೋರು, ಲಾರಿಗೆ ಕೈ ಮಾಡಿದೋರು, ಮರಿ ತಬ್ಬಿಕೊಂಡ ಒಬ್ಬ ಕುರುಬರ ಅಜ್ಜ. ಕಾಲ ಬುಡದಲ್ಲಿ ಒಬ್ಬ ಪೊಲೀಸಪ್ಪ! ಬೂಟು ಬಿಚ್ಚಿ, ಕಾಲು ತೊಳೆದು, ಚಕ್ಕಂಬಕ್ಕಳ ಹಾಕಿ ಶೇಂಗಾ ಹೋಳಿಗೆ ತಿಂತಾ ಕೂತಿದ್ದಾನೆ!

"ಗಾಡಿ ಕಾಗದ ಕೇಳೋಣ ಅಂತ ಕೈ ಮಾಡಿದೆ ತಾಯಿ," ಅಂದ ಪೊಲೀಸಪ್ಪ. "ಇಪ್ಪತ್ತು ವರ್ಷದ ನೌಕರೀಲಿ ಕಾಲಿಗೆ ನೀರು ಕೊಟ್ಟೋನು ಇವನೊಬ್ನೇ. ಇನ್ನೊಂದು ಹೋಳಿಗೆ ಐತಾ?"

ಇರಲಿಲ್ಲ! ನೀಲವ್ವನಿಗೆ ಅಂತ ಮಾಡಿದ ಹೋಳಿಗೆ ಡಬ್ಬಿ ಪೂರ್ತಿ ಖಾಲಿ! ಎಲ್ಲರೂ ಇಳಿದ ಮೇಲೆ ಹಾಲವ್ವ ಅತ್ತೇಬಿಟ್ಲು. "ಬರಿಗೈಲಿ ಹೋಗಂಗಾಯ್ತಲ್ಲೋ! ಅವಳ ಮುಂದೆ ನಿನ್ನ ಬುದ್ಧಿ ತೋರಿಸ್ಬೇಡಪ್ಪ. ನಿಂದು ಒಂದು ಮಾತೂ ಬೇಡ. ನಾನು ಏನು ಹೇಳ್ತೀನೋ ಅಷ್ಟೇ ನಿನ್ನ ಬಾಯಲ್ಲಿ ಬರಬೇಕು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ!"

"ಹೂಂ ಯವ್ವ!"

ಗೋಳಗುಮ್ಮಟ ನಿಮಗೆ ಗೊತ್ತಲ್ಲ? ಮೇಲೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೂ ಎದುರು ದಂಡೆಗೆ ಕೇಳ್ತದೆ, ಕೂಗಿದ್ರೆ ಮತ್ತೆ ಮತ್ತೆ ಮೊಳಗ್ತದೆ. ಅವ್ವ ಮಗ ಏಗಿ ಏಗಿ ಮೇಲೆ ಹತ್ತಿದ್ರು. ಆ ದಂಡೇಲಿ ನೀಲವ್ವ ಮೊದಲೇ ಬಂದು ನಿಂತಿದ್ಲು. ಬೆಳ್ಳಿ ಕೂದಲು, ಬಾಗಿದ ಬೆನ್ನು. ಇಬ್ಬರಿಗೂ ಬಿಗುಮಾನ. ಅವಳೂ ಬರವಲ್ಲಳು, ಇವಳೂ ಹೋಗವಲ್ಲಳು.

ಹಾಲವ್ವ ಮಗನ ಕಿವಿಯಲ್ಲಿ ಮೆಲ್ಲಗೆ ಅಂದ್ಲು. "ಎಷ್ಟು ಸೊರಗ್ಯಾಳೋ ನನ್ನ ನೀಲಿ! ಅವಳಿಲ್ದೆ ನನಗೆ ಒಂದು ಹಬ್ಬವೂ ಹಬ್ಬ ಅನ್ನಿಸಲಿಲ್ಲ. ಇದನ್ನ ಅವಳಿಗೆ ಹೇಳಬೇಡ!"

ಕೊಟ್ರ ಎದೆ ತುಂಬ ಗಾಳಿ ತಗೊಂಡ. "ಎಷ್ಟು ಸೊರಗ್ಯಾಳೋ ನನ್ನ ನೀಲಿ! ಅವಳಿಲ್ದೆ ನನಗೆ ಒಂದು ಹಬ್ಬವೂ ಹಬ್ಬ ಅನ್ನಿಸಲಿಲ್ಲ! ಇದನ್ನ ಅವಳಿಗೆ ಹೇಳಬೇಡ!"

"ಹೇಳಬೇಡ... ಹೇಳಬೇಡ... ಹೇಳಬೇಡ..." ಅಂತು ಗುಮ್ಮಟ.

ನೋಡೋಕೆ ಬಂದೋರೆಲ್ಲ ಈ ಕಡೆ ತಿರುಗಿದ್ರು. ಕೊಟ್ರನಿಗೆ ಸಿಟ್ಟು ಬಂತು. "ನೋಡು ಯವ್ವ, ಹೇಳಿದ್ದನ್ನೇ ಹೇಳ್ತದೆ. ಎಂಥ ಪೆದ್ದ ಇದು!"

ನೀಲವ್ವ ನಗ್ತಾ ಅಳ್ತಾ, ಗೋಡೆ ಹಿಡ್ಕೊಂಡು ಸುತ್ತು ಹಾಕಿ ಓಡಿಬಂದ್ಲು. ಇಬ್ಬರೂ ತಬ್ಬಿಕೊಂಡ್ರು. ಕೆಳಗಿಳಿದು ಹುಲ್ಲಿನ ಮೇಲೆ ಕೂತ್ರು.

"ಮನೆ ಇಲ್ಲೇ ಕಣೇ, ಆ ನೀಲಿ ಬಾಗಿಲಿಂದು. ಬಾ ಅನ್ನೋಣ ಅಂದ್ರೆ ನಿನ್ನ ಆಣೆ!" ಅಂದ್ಲು ನೀಲವ್ವ.

"ನನ್ನ ಮನೆಗೆ ಬಾ ಅನ್ನೋಣ ಅಂದ್ರೆ ನಿಂದೂ ಆಣೆ! ಆ ಹಾಳು ಹೊಸಿಲೇ ಅಡ್ಡ ಆಯ್ತು ನಮಗೆ. ಕಿತ್ತು ಹಾಕಬೇಕು ಅದನ್ನ!" ಅಂದ ಹಾಲವ್ವ ಮಗನ ಕಡೆ ತಿರುಗಿದ್ಲು. "ನೀನೂ ಅಷ್ಟೇ! ಮಾತು ಸಾಕು. ಹೇಳಿದ್ದನ್ನ ಬಾಯಲ್ಲಿ ಆಡಬೇಡ, ಕೈಯಲ್ಲಿ ಮಾಡು!"

ಕೊಟ್ರ ಹೂಂ ಅನ್ನಲೂ ಇಲ್ಲ. ಎದ್ದು ಹೋದ.

ಹೊತ್ತು ಇಳೀತು. ಗೆಳತಿಯರ ಮಾತು ಮುಗೀಲಿಲ್ಲ. ಅಷ್ಟರಲ್ಲಿ ನೀಲವ್ವನ ಗಂಡ ಓಡಿಬಂದ. "ಏ ನೀಲಾ! ಯಾವನೋ ಬಡಗಿ ಬಂದಾನೆ, ಕೇಳಿದ್ರೆ ಬಾಯೇ ಬಿಡಲ್ಲ. ನಮ್ಮ ಹೊಸಿಲು ಕಿತ್ತುಬಿಟ್ಟ!"

ಹಾಲವ್ವ ಎದೆ ಹಿಡ್ಕೊಂಡು ಓಡಿದ್ಲು. ನೋಡ್ತಾಳೆ, ನೀಲಿ ಬಾಗಿಲಿದೆ, ಚೌಕಟ್ಟಿದೆ, ಅರಿಶಿನ ಕುಂಕುಮ ಹಚ್ಚಿದ ಹೊಸಿಲಿಲ್ಲ! ಎದುರಿಗೆ ನಿಂತ ಗಾಡಿಯ ಬಾಗಿಲಿಗೆ ಕೊಟ್ರ ಅದನ್ನ ಮೊಳೆ ಹೊಡೆದು ಕೂರಿಸ್ತಿದ್ದಾನೆ!

"ಲೇ! ಏನ್ಲೇ ಮಾಡಿದೆ?"

"ಕಿತ್ತು ಹಾಕಬೇಕು ಅಂದ್ಯಲ್ಲ ಯವ್ವ! ಬಿಸಾಕೋಕೆ ಮನಸು ಬರಲಿಲ್ಲ. ಇದು ಮನೆ ಅಂತ ನೀನೇ ಅಂದಿದ್ದೆ. ಮನೆಗೆ ಹೊಸಿಲೇ ಇರಲಿಲ್ಲ!"

ಹಾಲವ್ವ ಬೈಯೋಕೆ ಬಾಯಿ ತೆರೆದ್ಲು. ತೆರೆದೋಳು ತಿರುಗಿದ್ಲು. ನೀಲವ್ವನ ಬಾಗಿಲು ನೋಡಿದ್ಲು. ಸೆರಗು ಸರಿ ಮಾಡ್ಕೊಂಡು, ಬಲಗಾಲಿಟ್ಟು ಸೀದಾ ಒಳಗೆ ನಡೆದ್ಲು. ತುಳಿಯೋಕೆ ಹೊಸಿಲೆಲ್ಲಿದೆ?

ನೀಲವ್ವ ಸುಮ್ನಿರ್ತಾಳಾ? ಗಾಡಿ ಹತ್ರ ಹೋದ್ಲು. ಇದು ತನ್ನದೇ ಹೊಸಿಲು, ತನ್ನ ಹೊಸಿಲು ತುಳಿಯೋಕೆ ಯಾವ ಆಣೆ? ಧಡಧಡ ಹತ್ತಿ ಹಾಲವ್ವನ ಮಂಚದ ಮೇಲೆ ಕೂತ್ಲು. ಅವಳು ಇವಳ ಮನೇಲಿ, ಇವಳು ಅವಳ ಮನೇಲಿ!

ಹಾಲವ್ವ ನೀಲವ್ವನ ಪಡಸಾಲೇಲಿ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತು ಓಣಿಗೆಲ್ಲ ಕೇಳೋ ಹಂಗೆ ಕೂಗಿದ್ಲು. "ನೋಡಿದ್ಯೇನೇ ನೀಲೀ? ನನ್ನ ಮಗ ಕಣೇ ಅವನು! ಈಗ ಅನ್ನು ಪೆದ್ದ ಅಂತ!"