ಹಗ್ಗದ ಇನ್ನೊಂದು ತುದಿ

ನೈಲ್ ನದಿಯ ದಂಡೆಯ ಊರೂರಿನಲ್ಲೂ ಡಂಗುರ ಸಾರಿದರು: “ಕೇಳಿ ಜನಗಳೇ! ಈ ವರ್ಷ ಲೋಕ ಮುಗಿಯುತ್ತದೆ, ಪಿರಮಿಡ್ಡಿನ ಅಳತೆ ಹಾಗೆ ಹೇಳುತ್ತದೆ. ಮೂರು ಒಗಟು ಬಿಡಿಸಿದವನು ರಾಜಕುಮಾರಿಯ ಕೈಹಿಡಿದು, ಪಿರಮಿಡ್ಡಿನ ಒಳಕೋಣೆಯಲ್ಲಿ ಬದುಕಿ ಉಳಿಯುತ್ತಾನೆ. ತಪ್ಪಿದವನ ತಲೆ ಉರುಳುತ್ತದೆ. ಮುಗಿಯುವ ಲೋಕಕ್ಕೆ ಬೆಳೆ ಯಾಕೆ? ಇನ್ನು ಯಾರೂ ಬೀಜ ಬಿತ್ತಕೂಡದು!”

ರಾಜ ಸಖೆಮನಿಗೆ ಈ ಹುಚ್ಚು ಹತ್ತಿಸಿದವನು ಪುರೋಹಿತ ಪಾಸೇರ. ಪಿರಮಿಡ್ಡಿನ ಒಳದಾರಿಯನ್ನು ಹಗ್ಗದಿಂದ ಅಳೆದು, ಅಂಗುಲಕ್ಕೊಂದು ವರ್ಷ ಎಂದ. ಬುಡದ ಅಗಲದಲ್ಲಿ ಸೂರ್ಯನ ದೂರ ಕಂಡ, ಕಲ್ಲಿನ ಸಂದಿನಲ್ಲಿ ಮನುಷ್ಯರ ಪಾಪದ ತೂಕ ಕಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನ ಹುಚ್ಚು ಅವನಿಗಿರಲಿ, ಊರಿನ ಅನ್ನಕ್ಕೆ ಕಲ್ಲು ಹಾಕುವ ಹಕ್ಕು ಯಾರು ಕೊಟ್ಟರು?

ಹೆಮಿ ಎಂಬ ಬಡ ಒಕ್ಕಲ ಹುಡುಗನ ಮನೆಯಲ್ಲಿ ಬಿತ್ತನೆಯ ಬಾರ್ಲಿ ಗಡಿಗೆಯಲ್ಲೇ ಉಳಿದಿತ್ತು. ನೆರೆ ಇಳಿದ ಹೊಲದಲ್ಲಿ ಕೆಸರು ಬಿರುಕು ಬಿಡತೊಡಗಿತ್ತು.

“ಈಗ ಬಿತ್ತದಿದ್ರೆ ನೆಲ ಕಲ್ಲಾಗ್ತದೆ ಮಗಾ,” ಎಂದಳು ತಾಯಿ. “ಲೋಕ ಮುಗಿಯದಿದ್ರೂ ನಾವು ಮುಗೀತೀವಿ.”

ಹೆಮಿ ಅರಮನೆಗೆ ನಡೆದ.

ಅಲ್ಲಿ ಅವನಿಗಿಂತ ಮೊದಲು ಒಬ್ಬ ವರ್ತಕನ ಮಗ, ಒಬ್ಬ ದಳಪತಿ ನಿಂತಿದ್ದರು. ರಾಜ ಕೇಳಿದ: “ಕಟ್ಟಿಸಿದವನು ಎಚ್ಚರವಿದ್ದಾಗ ಅದರಲ್ಲಿ ಮಲಗಲಿಲ್ಲ, ಮಲಗಿದ ಮೇಲೆ ಅದನ್ನು ನೋಡಲಿಲ್ಲ. ಏನದು?”

ವರ್ತಕನ ಮಗ ಪುರೋಹಿತನ ಮುಖ ನೋಡಿ, “ನಕ್ಷತ್ರಗಳ ನಕ್ಷೆ,” ಎಂದ. ಅವನನ್ನು ಎಳೆದೊಯ್ದರು.

ದಳಪತಿ ಮೊದಲನೆಯದನ್ನು ಬಿಡಿಸಿದ. ರಾಜ ಎರಡನೆಯದನ್ನು ಕೇಳಿದ: “ಬಾಯಿಲ್ಲ, ಆದರೂ ಯಾರು ಬಂದರೂ ಅವರದೇ ಮಾತು ಅವರಿಗೆ ಹೇಳುತ್ತದೆ. ಏನದು?”

“ದೇವವಾಣಿ!” ಎಂದ ದಳಪತಿ. ಅವನೂ ಹೋದ.

ಹೆಮಿ ಮುಂದೆ ಬಂದ.

“ಮೊದಲನೇದು ಗೋರಿ, ಎರಡನೇದು ಮಾರ್ದನಿ,” ಎಂದ.

“ಎರಡೂ ಸರಿ,” ಎಂದ ರಾಜ.

“ಪಿರಮಿಡ್ಡು ನಿಮ್ಮ ಹಿರಿಯರ ಗೋರಿ ಅಂತ ನಿಮಗೇ ಗೊತ್ತಲ್ಲ ಮಹಾಸ್ವಾಮಿ! ಗೋರಿಯೊಳಗೆ ಕೂಗಿ, ಬಂದ ಮಾರ್ದನೀನ ದೇವರ ಮಾತು ಅಂದುಕೊಂಡು ಎರಡು ತಲೆ ತೆಗೆಸಿದ್ರಾ?”

ಪಾಸೇರ ಎದ್ದು ನಿಂತ. “ಮೂರನೆಯದು ನನ್ನದು. ಒಳದಾರಿಯ ಅಳತೆಯಲ್ಲಿ ಲೋಕಕ್ಕೆ ಉಳಿದ ಅಂಗುಲವೆಷ್ಟು?”

“ನೀವು ಅಳೆದಾಗ ಹಗ್ಗದ ಇನ್ನೊಂದು ತುದಿ ಯಾರು ಹಿಡಿದಿದ್ರು?”

“ದೇವರು.”

“ನಮ್ಮಲ್ಲಿ ನೆರೆ ಇಳಿದು ಹೊಲ ಅಳೆಯೋವಾಗ ಒಂದು ತುದಿ ಈಚೆಯವನು, ಇನ್ನೊಂದು ಆಚೆಯವನು ಹಿಡೀಬೇಕು. ಒಬ್ಬನೇ ಅಳೆದ ಗೇಣು ನೆಲಾನೂ ನಾವು ಒಪ್ಪಲ್ಲ. ಇಡೀ ಲೋಕಾನ ಹೇಗೆ ಒಪ್ಪೋದು?”

ಪಾಸೇರ “ತಲೆ ತೆಗೆಯಿರಿ!” ಎಂದು ಕೂಗಿದ. ಅಷ್ಟರಲ್ಲಿ ರಾಜಕುಮಾರಿ ನೆಬೆತ್ ಪೀಠದಿಂದಿಳಿದಳು. “ನನಗೂ ಆ ಗೋರಿಯಲ್ಲಿ ಬದುಕುವ ಆಸೆಯಿಲ್ಲ ಅಪ್ಪಾಜಿ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ.”

ರಾಜನ ಎದುರಿಗೇ ಹೆಮಿ, ನೆಬೆತ್ ಇಬ್ಬರೂ ಒಳದಾರಿ ಅಳೆದರು. ಹಗ್ಗ ಸಡಿಲ ಬಿಟ್ಟಾಗ ಲೋಕಕ್ಕೆ ಇನ್ನೂ ಮೂರು ತಲೆಮಾರು ಆಯುಸ್ಸಿತ್ತು. ಬಿಗಿಯಾಗಿ ಎಳೆದಾಗ ಲೋಕ ರಾಜನ ಅಜ್ಜನ ಕಾಲಕ್ಕೇ ಮುಗಿದುಹೋಗಿತ್ತು. ಕಾವಲಿನವರು ಮುಖ ತಿರುಗಿಸಿ ನಕ್ಕರು.

“ಇದೇ ಉತ್ತರ ಮಹಾಸ್ವಾಮಿ,” ಎಂದ ಹೆಮಿ. “ಉಳಿದ ಅಂಗುಲ ಕಲ್ಲಿನಲ್ಲಿಲ್ಲ, ಹಗ್ಗ ಹಿಡಿದವರ ಕೈಯಲ್ಲಿದೆ.”

ರಾಜ ಹಗ್ಗವನ್ನು ತಾನೇ ಸುತ್ತಿಟ್ಟ. ಆಮೇಲೆ ಮಗಳ ಕೈಯನ್ನು ಹೆಮಿಯ ಕೈಯಲ್ಲಿಡಲು ಹೋದ.

“ಮದುವೆ ಆಮೇಲೆ,” ಎಂದ ಹೆಮಿ. “ಕೆಸರು ಒಣಗ್ತಾ ಇದೆ. ಮೊದಲು ಡಂಗುರ ಹೊಡೆಸಿ.”

ಅಂದೇ ಬಿತ್ತಿರೆಂದು ಡಂಗುರ ಸಾರಿದರು. ಜನ ಓಡಿಹೋಗಿ ಬಿತ್ತಿದರು. ಪಾಸೇರನ ಕೈಗೂ ನೇಗಿಲು ಕೊಟ್ಟರು. ಅವನ ಸಾಲು ಸೊಟ್ಟಗಿತ್ತು. ಸುಗ್ಗಿಯ ಹೊತ್ತಿಗೆ ಹೆಮಿ, ನೆಬೆತರ ಮದುವೆಯೂ ಆಯಿತು.

ಹೊಸ ಬಾರ್ಲಿಯ ಮೊದಲ ರೊಟ್ಟಿಗಳನ್ನು ರಾಜ ತಾನೇ ಹೊತ್ತು ವರ್ತಕನ ಮನೆಗೆ, ದಳಪತಿಯ ಮನೆಗೆ ಹೋದ. ದಳಪತಿಯ ತಾಯಿ ರೊಟ್ಟಿ ಮುಟ್ಟಲಿಲ್ಲ.

“ಲೋಕ ಮುಗಿಯಲಿಲ್ಲವಂತೆ, ಸಂತೋಷ,” ಎಂದಳು. “ನನ್ನದು ಮುಗಿಯಿತು.”