ಖಾಲಿ ಕುರ್ಚಿಯ ಬೆಳಕು

ಕಳ್ಳನ ಗಂಟಲು ಯಾವಾಗಲೂ ದೊಡ್ಡದೇ. ಚಂದ್ರಮ್ಮ ಗುಮಾಸ್ತೆಯಾಗಿದ್ದ ಚಾನೆಲ್ಲಿನ ಆಟದ ಶೋ ಒಂದನ್ನು ವಿದೇಶಿ ಕಂಪನಿಯೊಂದು ಇದ್ದ ಹಾಗೇ ನಕಲು ಹೊಡೆದಿತ್ತು; ಚಾನೆಲ್ ದೂರು ಕೊಟ್ಟಿತ್ತು. ಶೋಗಳನ್ನು ಕೊಂಡು ಮಾರುವ ಸಿಂಗಪುರದ ಟೀವಿ ಸಂತೆಯಲ್ಲಿ ಆ ಕಂಪನಿಯ ದೊರೆ ಮೇಜು ಗುದ್ದಿದ: "ಇದು ನನ್ನ ತಲೆಯಲ್ಲೇ ಹುಟ್ಟಿದ ಆಟ. ದೂರು ವಾಪಸ್ ತಗೊಳ್ಳಿ!"

ಚಾನೆಲ್ ಯಜಮಾನರು ದೂರಿನ ಕಾಗದ ಮಡಚತೊಡಗಿದರು. ಕಡತ ಹಿಡಿದು ಅವರ ಜೊತೆ ಬಂದಿದ್ದ ಚಂದ್ರಮ್ಮ ದೊರೆಯನ್ನು ತಣ್ಣಗೆ ಕೇಳಿದಳು: "ನಿಮ್ಮ ಶೋನಲ್ಲೂ ಮೂಲೆಯ ಖಾಲಿ ಕುರ್ಚಿಗೆ ಲೈಟು ಬಿಡ್ತೀರಲ್ಲ, ಯಾಕೆ?"

"ಅದೂ ನನ್ನದೇ ಐಡಿಯಾ."

"ನಮ್ಮಲ್ಲಿ ಅದು, ಮೊದಲ ದಿನ ಸೆಟ್ಟಿನ ಮೇಲಿಂದ ಬಿದ್ದು ಸತ್ತ ಲೈಟ್‌ಮನ್ ನಿಂಗಯ್ಯನ ನೆನಪಿಗೆ ಕೆಲಸದವರು ಇಡೋ ಕುರ್ಚಿ. ನಿಮ್ಮಲ್ಲಿ ಸತ್ತವರು ಯಾರು?"

ದೊರೆ ಮೇಜು ಗುದ್ದಿದ ಕೈಯಿಂದಲೇ ಪೆನ್ನು ತೆಗೆದ. ಶೋ ಹಕ್ಕಿನ ಹಣ ಕೊಡಲು ಒಪ್ಪಿದ.

"ಭೇಷ್! ಎಂಥ ಕತೆ ಹೆಣೆದೆ ಕಣಮ್ಮ!" ಯಜಮಾನರು ನಕ್ಕರು.

"ಕತೆಯಲ್ಲ ಸಾರ್. ಅವತ್ತು ನಿಂಗಯ್ಯನ ಹೆಣ ಆಚೆ ಸಾಗಿಸಿ, ಶೂಟಿಂಗ್ ನಿಲ್ಲಿಸಬೇಡಿ ಅಂದವರು ನೀವೇ."