ಸದ್ದಿಲ್ಲದ ಗಾಡಿ

ಸರ್ಕಲ್ಲಿನ ಪೊಲೀಸ್ ದಫೇದಾರರಿಗೆ ಸದ್ದು ಮಾಡದ ಗಾಡಿ ಕಂಡರೆ ಅನುಮಾನ. ಅಂಗಿಗಳಿಗೆ ಕಾಜಾ ಹಾಕುವ ಪುಟ್ಟತಾಯಮ್ಮ ಹೆಲ್ಮೆಟ್ ಹಾಕಿಕೊಂಡು, ಎಡಬದಿ ಬಿಡದೆ ಬ್ಯಾಟರಿ ಸೈಕಲ್ಲಿನಲ್ಲಿ ಬಂದಳು. ದಫೇದಾರರು ತಡೆದರು. ಸೈಕಲ್ಲಿಗೆ ಎರಡು ಸುತ್ತು ಬಂದರು. ಬಗ್ಗಿ, ಪೆಟ್ರೋಲ್ ವಾಸನೆ ಇದೆಯೇ ಎಂದು ಮೂಸಿದರು.

"ತುಳಿಯದೆ ಓಡುತ್ತೆ ಅಂದ್ಮೇಲೆ ಇದು ಬೈಕೇ. ಲೈಸೆನ್ಸ್ ಎಲ್ಲಿ?"

"ಸೈಕಲ್ ಸಾರ್. ಲೈಸೆನ್ಸ್ ಬೇಡ ಅಂತ ಅಂಗಡಿಯವರು ಕಾಗದ ಕೊಟ್ಟವ್ರೆ."

"ಕಾಗದ ಯಾರು ಬೇಕಾದ್ರೂ ಬರೀತಾರೆ. ಇಳಿಯಮ್ಮ, ಸ್ಟೇಷನ್ನಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ."

ಪುಟ್ಟತಾಯಮ್ಮ ಇಳಿದಳು. ದಫೇದಾರರು ಟೋಪಿ ಸರಿಮಾಡಿಕೊಂಡು ಹತ್ತಿ ಕೂತರು. ಆಗ ಅವಳು ತನ್ನ ಹೆಲ್ಮೆಟ್ ಬಿಚ್ಚಿ, ಇಡೀ ಸರ್ಕಲ್ಲಿಗೆ ಕೇಳುವಂತೆ ಕೂಗಿದಳು: "ಹೆಲ್ಮೆಟ್ ಇಲ್ದೆ ಬೈಕ್ ಓಡಿಸ್ತೀರಾ ಸಾರ್? ತಗೊಳ್ಳಿ!"

ಸಿಗ್ನಲ್ಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ದಫೇದಾರರು ಸಿಡುಕಿದರು. "ಸೈಕಲ್ಲಿಗೆ ಯಾಕಮ್ಮ ಹೆಲ್ಮೆಟ್ಟು?"

"ಹಂಗನ್ನಿ ಮತ್ತೆ," ಎಂದು ಪುಟ್ಟತಾಯಮ್ಮ ಹೆಲ್ಮೆಟ್ಟನ್ನು ತನ್ನ ತಲೆಗೇ ಹಾಕಿಕೊಂಡಳು. "ಇಳೀರಿ ಸಾರ್, ನನ್ನ ಸೈಕಲ್ ಕೊಡಿ."